ಕಲ್ಲು-ಕಾಳಿನ ಆಟ

ಸುನಂದಾಳಿಗೆ ಸಿಟ್ಟು ಬಂದರೆ ನಂದೂರಿನ ದಾಲ್‌ಮಿಲ್ಲಿನಲ್ಲಿ ಮಷಿನ್ನುಗಳೂ ಸದ್ದು ತಗ್ಗಿಸುತ್ತವೆ ಎಂದು ಅಲ್ಲಿನ ಹಮಾಲರು ನಗುತ್ತಾರೆ. ಆ ರವಿವಾರ ಆಕೆಗೆ ಸಿಟ್ಟು ಬಂದದ್ದು ಮಿಲ್ಲಿನಲ್ಲಲ್ಲ, ತವರೂರು ಕಮಲಾಪುರದಲ್ಲಿ. ತಾನು ಓದಿದ ಸರಕಾರಿ ಶಾಲೆಯ ಪಡಸಾಲೆಯಲ್ಲಿ ಗೋಡೆಗೆ ಆನಿಸಿಟ್ಟಿದ್ದ ಒಂದು ಶಹಾಬಾದಿ ಕಲ್ಲನ್ನು ನೋಡಿ.

ಕಲ್ಲಿಗೆ ಇನ್ನೂ ಉಳಿ ತಾಗಿರಲಿಲ್ಲ. ಅಕ್ಷರಗಳನ್ನು ಸುಣ್ಣದಕಡ್ಡಿಯಲ್ಲಿ ಬರೆದಿದ್ದರು: 'ಕಮಲಾಪುರದ ಮೊದಲ ಕಂಪ್ಯೂಟರ್ ಕೋಣೆ'. ಕೆಳಗೆ ದಾನ ಕೊಟ್ಟ ಕಂಪನಿಯ ಹೆಸರು.

"ಮೊದಲ ಅಂತ ಯಾರು ಹೇಳಿದ್ರು ನಿನಗ?" ಎಂದು ಕೇಳಿದಳು.

ಎದುರಿಗೆ ನಿಂತಿದ್ದವನು ಶಾಲಾ ಸಮಿತಿಯ ಅಧ್ಯಕ್ಷ ಖಂಡೆಪ್ಪ. ಕೆಂಪು ಬಾಳೆಯ ತೋಟದವನು, ಆಕೆಗಿಂತ ಏಳೆಂಟು ವರ್ಷ ಸಣ್ಣವನು. "ಯಾರ್ ಹೇಳಬೇಕಕ್ಕಾ? ನಾ ಇದೇ ಸಾಲ್ಯಾಗ ಕಲತೀನಿ. ಕಂಪ್ಯೂಟರ್ ಇರ್ಲಿ, ಕುಂದರಲಿಕ್ಕಿ ತಟ್ಟು ಸುದ್ದಾ ಇರಲಿಲ್ಲ."

"ನೀ ಬರೂದ್ರಾಗ ಅದು ಹೋಗಿತ್ತು."

ಖಂಡೆಪ್ಪನ ಪಕ್ಕದಲ್ಲಿ ಕಂಪನಿಯ ಕಡೆಯಿಂದ ಬಂದ ಕುನಾಲ ಎಂಬ ಹುಡುಗ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಅವನು ಬಹಳ ಮರ್ಯಾದೆಯಿಂದ ಹೇಳಿದ: "ಮೇಡಮ್, ನಾವು ಬರೇ ಕಂಪ್ಯೂಟರ್ ಕೊಡ್ಲಾಕತ್ತಿಲ್ಲರೀ. ಅದರಾಗ ಆಟ ಅದಾವ. ಆಟ ಆಡ್ತಾ ಆಡ್ತಾ ಮಕ್ಕಳು ಗಣಿತ ಕಲೀತಾರ. ಇದು ಈ ಕಡೀಗಿ ಹೊಸಾ ಪದ್ಧತಿ."

ಸುನಂದಾ ಅವನ ಕಡೆ ತಿರುಗಿದಳು. "ಹೊಸಾದು? ತಮ್ಮಾ, ನೀ ಹುಟ್ಟೂಕ್ಕಿಂತ ಮೊದಲ ನಾ ಈ ಕ್ವಾಣ್ಯಾಗ ಹತ್ತೊಂಬತ್ತರ ಮಗ್ಗಿ ಕಂಪ್ಯೂಟರ್ ಮ್ಯಾಲ ಆಡೀನಿ. ಯಶವಂತ ಮಾಸ್ತರ್ ತಾವೇ ಮಾಡಿದ ಆಟ. ಅವರು ಇನ್ನಾ ಜೀವಂತ ಅದಾರ, ಬ್ರಹ್ಮಪುರದಾಗ. ಅವರು ಇದ್ದಾಗೇ ಅವರ ಕೆಲಸ ಕಲ್ಲಿನ ಕೆಳಗ ಹುಗೀತೀರೇನು?"

"ಫೋಟೋ ಏನರ ಅದಾವೇನ್ರಿ?" ಎಂದ ಕುನಾಲ.

"ಆವಾಗ ಕಮಲಾಪುರದಾಗ ಫೋಟೋ ತೆಗಸಬೇಕಂದ್ರ ಮದಿವಿ ಆಗಬೇಕಿತ್ತು."

ಖಂಡೆಪ್ಪ ತಲೆ ಕೆರೆದುಕೊಂಡ. ಅಕ್ಕನ ಬಾಯಿಯ ಭಯ ಅವನಿಗೂ ಇತ್ತು. "ಹಿಂಗ ಮಾಡು. ಶನಿವಾರ ಕಾರ್ಯಕ್ರಮ. ಕಲ್ಲು ಕಟೆಯಾಂವ ಶುಕ್ರವಾರ ಮುಂಜಾನಿ ಬರ್ತಾನ. ಗುರುವಾರ ಸಂಜಿಮಟ ಪುರಾವಾ ತಾ, ನಾನೇ 'ಮೊದಲ' ಅಳಸ್ತೀನಿ. ತರಲಿಲ್ಲಂದ್ರ ಉಳಿ ಬಿದ್ದ ಮ್ಯಾಲ ನನ್ನ ಕಡಿಂದೂ ಆಗಂಗಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆಸ್ಮಾ ಮುಂದೆ ಬಂದಳು. ಆಕೆ ಶಾಲೆಯ ಅತಿಥಿ ಶಿಕ್ಷಕಿ, ಕಂಪ್ಯೂಟರ್ ಕಲಿಸುವವಳು. "ಅಕ್ಕಾ, ಹಳೇ ಮಷಿನ್ ಇಲ್ಲಂದ್ರೂ ನಡೀತದರೀ. ಹೊಸಾ ಕಂಪ್ಯೂಟರಿಗಿ ಹಳೇದರ ಹಂಗ ನಡಕೋ ಅಂತ ಹೇಳೋ ಪ್ರೋಗ್ರಾಂ ಬರ್ತಾವ. ಆದ್ರ ಆಟದ ಪ್ರೋಗ್ರಾಮಿನ ಸಾಲು ಬೇಕು. ಎಲ್ಲಿ ಅದಾವ?"

"ಬಾಯಾಗ," ಎಂದಳು ಸುನಂದಾ. "ಒಂಬತ್ತು ಮಂದಿ ಬಾಯಾಗ."

ಅದು ನಿಜ. ಮೂವತ್ಮೂರು ವರ್ಷಗಳ ಹಿಂದಿನ ಮಾತು. ಸರಕಾರದ ಯಾವುದೋ ಯೋಜನೆಯಲ್ಲಿ ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ರೊಟ್ಟಿ ಬಡಿಯುವ ಹಲಗೆಯಷ್ಟು ಅಗಲದ ಕೀಬೋರ್ಡು, ಒಂದು ಸಣ್ಣ ಟಿವಿ. ಅದು ಕರೆಂಟು ಇದ್ದಷ್ಟು ಹೊತ್ತು ಜಾಣ. ಕರೆಂಟು ಹೋಯಿತೆಂದರೆ ಕಲಿತದ್ದೆಲ್ಲ ಮರೆತುಬಿಡುವ ದಡ್ಡ. ಹಾಗಾಗಿ ಅದಕ್ಕೆ ಕಲಿಸಿದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕಿತ್ತು. ಟೇಪ್‌ರೆಕಾರ್ಡರ್ ಕೊಟ್ಟವರು ರೇಡಿಯೋ ಅಂಗಡಿಯ ಸಾಹೇಬರು. ಅವರ ಮಗ ಬುರ್ಹಾನುದ್ದೀನ್ ಸುನಂದಾಳ ತರಗತಿಯವನು, ಟೇಪಿನ ಉಸ್ತುವಾರಿ ಅವನದು.

ಯಶವಂತ ಮಾಸ್ತರರು ಗಣಿತ ಕಲಿಸುತ್ತಿದ್ದರು. ಮಗ್ಗಿ ಎಂದರೆ ಮಕ್ಕಳು ಹೊಲದ ದಾರಿ ಹಿಡಿಯುತ್ತಿದ್ದ ಕಾಲ. ಅವರು ಒಂದು ಬೇಸಿಗೆಯಿಡೀ ಕೂತು ಆಟ ಮಾಡಿದರು. ಟಿವಿಯ ಮೇಲ್ಗಡೆ ಒಂದು ಅಂಕಿ ನಿಲ್ಲುತ್ತದೆ, ಏಳು ಎಂದುಕೊಳ್ಳಿ. ಮೇಲಿನಿಂದ ಒಂದೊಂದೇ ಸಂಖ್ಯೆ ಬೀಳತೊಡಗುತ್ತದೆ. ಏಳರ ಮಗ್ಗಿಯದಾದರೆ ಅದು ಕಾಳು, ಕೆಳಗಿನ ಚೀಲಕ್ಕೆ ಬೀಳಲು ಬಿಡಬೇಕು. ಅಲ್ಲದಿದ್ದರೆ ಕಲ್ಲು, ಕೀಲಿ ಒತ್ತಿ ಆಚೆ ಚಿಮ್ಮಬೇಕು. ಮೂರು ಕಲ್ಲು ಚೀಲಕ್ಕೆ ಬಿದ್ದರೆ ಆಟ ಮುಗಿದು, 'ಹಲ್ಲು ಮುರೀತು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಬರುತ್ತಿತ್ತು. ಮನೆಯಲ್ಲಿ ಅವ್ವಂದಿರು ಮೊರದಲ್ಲಿ ತೊಗರಿ ಹಸನು ಮಾಡುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಲದ ದಾರಿ ಹಿಡಿದವರು ಓಡಿ ಬಂದರು.

ಎರಡನೇ ತಿಂಗಳಲ್ಲಿ ಕ್ಯಾಸೆಟ್ ಅಳಿಸಿಹೋಯಿತು.

ಸೋಮವಾರ ಮಾಸ್ತರರು ಟೇಪು ಹಾಕಿದರೆ ಅದರೊಳಗಿಂದ ಯಾವುದೋ ಮುದುಕಿಯ ಬೀಸುವ ಹಾಡು ಬಂತು. ಎರಡು ಸಾಲು ಕೇಳಿ ಮಾಸ್ತರರು ಟೇಪು ನಿಲ್ಲಿಸಿದರು. ಬೈಯಲಿಲ್ಲ. ಆದರೆ ಊರು ಬೈಯಿತು, ಅದೂ ಬುರ್ಹಾನುದ್ದೀನನನ್ನು. ಟೇಪು ಇದ್ದದ್ದು ಅವನ ವಶದಲ್ಲಿ ತಾನೇ? ಅವನ ತಂದೆ ರಂಪ ಮಾಡಿ ಟೇಪ್‌ರೆಕಾರ್ಡರನ್ನೇ ವಾಪಸ್ ಒಯ್ದರು.

ಮಾಸ್ತರರ ಹತ್ತಿರ ಉಳಿದದ್ದು ಅವರ ನೋಟ್‌ಬುಕ್ಕಿನಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತು ಹತ್ತರಂತೆ ನಂಬರು ಹಾಕಿದ್ದ ತೊಂಬತ್ತು ಸಾಲು. ಅವರು ಒಂಬತ್ತು ಮಕ್ಕಳನ್ನು ಆರಿಸಿ ತಲಾ ಹತ್ತು ಸಾಲು ಹಂಚಿದರು. ಬಾಯಿಪಾಠ ಮಾಡಬೇಕು. ದಿನಾ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಸಾಲುಗಳನ್ನು ಕೀಬೋರ್ಡಿಗೆ ಒಪ್ಪಿಸಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ. ಇನ್ನೊಬ್ಬರ ಸಾಲು ಕಲಿಯುವ ಹಾಗಿಲ್ಲ. ಒಬ್ಬ ಬರದಿದ್ದರೂ ಆಟವಿಲ್ಲ. ಹೀಗಾಗಿ ಜ್ವರ ಬಂದವರನ್ನೂ ಹೊತ್ತು ತರುತ್ತಿದ್ದರು. ಸಾಲು ತಪ್ಪಾದರೆ ಮಷಿನ್ನೇ ಯಾವ ಸಾಲೆಂದು ನಂಬರು ಹಿಡಿದು ಹೇಳುತ್ತಿತ್ತು. ಆ ಸಾಲಿನ ಒಡೆಯ ಎದ್ದು ಬಂದು ತಿದ್ದಬೇಕು. ಯಾಕೆ ತಪ್ಪಾಯಿತೆಂದು ಉಳಿದ ಎಂಟು ಮಂದಿಗೆ ಹೇಳಬೇಕು.

ಸುನಂದಾ ಇವತ್ತಿಗೂ ಹೇಳುತ್ತಾಳೆ, ಮಿಲ್ಲಿನಲ್ಲಿ ತಾನು ನಿಂತ ಜಾಗ ಆ ಹತ್ತು ಸಾಲು ಕೊಟ್ಟದ್ದು ಎಂದು. ಬಣ್ಣ ನೋಡಿ ಬೇಳೆ ಆರಿಸುವ ದೊಡ್ಡ ಮಷಿನ್ ಬಂದಾಗ ಕೈಯಲ್ಲಿ ಆರಿಸುತ್ತಿದ್ದ ಹೆಂಗಸರೆಲ್ಲ ಹೆದರಿದ್ದರು. ಮಷಿನ್ನಿನೊಳಗೆ ಕ್ಯಾಮೆರಾ ಇತ್ತು, ಕಪ್ಪು ಕಾಳು ಕಂಡರೆ ಅದು ಗಾಳಿ ಊದಿ ಆಚೆ ಚಿಮ್ಮುತ್ತಿತ್ತು. ಆಕೆ ಮಾತ್ರ ಸೆರಗು ಸಿಕ್ಕಿಸಿ ನಕ್ಕಿದ್ದಳು. ಇದು ತನ್ನ ಆಟವೇ. ಮೂರು ದಿನದಲ್ಲಿ ಅದರ ಪರದೆಯ ಲೆಕ್ಕಾಚಾರ ಹಿಡಿದಳು. ಈಗ ಮಷಿನ್ ಕೆಟ್ಟರೆ ಕೊಯಮತ್ತೂರಿನ ಇಂಜಿನಿಯರು ಫೋನು ಮಾಡುವುದು ಮಾಲೀಕರಿಗಲ್ಲ, ಸುನಂದಾಳಿಗೆ.

ಸೋಮವಾರದಿಂದ ಆಕೆ ಫೋನು ಹಿಡಿದಳು. ಬುಧವಾರ ಮಧ್ಯಾಹ್ನದೊಳಗೆ ಏಳು ಮಂದಿ ಸಿಕ್ಕರು. ಬೀದರಿನಲ್ಲಿದ್ದ ಅಂಬಮ್ಮ ರೊಟ್ಟಿ ಬಡಿಯುತ್ತಲೇ ತನ್ನ ಹತ್ತು ಸಾಲನ್ನು ಗಟಗಟ ಹೇಳಿ, "ಇದರ ಅರ್ಥ ಕೇಳಬ್ಯಾಡ, ನಿಂದ್ರಿಸಿದ್ರ ಮರೀತೀನಿ," ಎಂದಳು. ಹೈದರಾಬಾದಿನಲ್ಲಿದ್ದ ಕುಲ್ಸುಮ್ ಒಂದು ಸಾಲಿಗೆ ಎಡವಿ, ಫೋನಿಟ್ಟು, ಐದು ನಿಮಿಷದಲ್ಲಿ ತಾನೇ ಫೋನು ಮಾಡಿ ಸರಿಪಡಿಸಿದಳು. ಮಾಸ್ತರರ ನೋಟ್‌ಬುಕ್ಕನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು.

ಉಳಿದವನು ಒಬ್ಬ. ನಾಲ್ಕುನೂರ ಹತ್ತರಿಂದ ಐದುನೂರರವರೆಗಿನ ಸಾಲು ಅವನವು. ಬಿದ್ದದ್ದು ಕಲ್ಲೋ ಕಾಳೋ ಎಂದು ಮಷಿನ್ ತೀರ್ಮಾನ ಮಾಡುವುದು ಅಲ್ಲೇ. ಅವಿಲ್ಲದಿದ್ದರೆ ಬರೇ ಅಂಕಿ ಬೀಳುತ್ತವೆ.

ಕಾಳಿನ ಪೇಟೆ ನೆಹರು ಗಂಜಿನಲ್ಲಿ ತೊಗರಿ ಚೀಲಗಳ ಸಾಲಿನ ಹಿಂದೆ ಬುರ್ಹಾನುದ್ದೀನನ ಅಂಗಡಿ. ತೂಕದ ಕಾಟಾ ರಿಪೇರಿ. ಕನ್ನಡಕವನ್ನು ಹಣೆಗೇರಿಸಿ, ಒಂದು ಎಲೆಕ್ಟ್ರಾನಿಕ್ ಕಾಟಾದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ಅರೆ, ನಂದೂರಿನ ಕಲೆಕ್ಟರ್ ಬಂದಾರ. ಕೂಡ್ರಿ ಸುನಂದಾಬಾಯಿ," ಎಂದ. ಇಷ್ಟು ವರ್ಷ ಇಬ್ಬರೂ ಗಂಜಿನಲ್ಲಿ ಎದುರಾದಾಗ ಮಳೆ, ಬೆಲೆ, ಮಕ್ಕಳ ಮಾತಾಡಿದ್ದರು. ಶಾಲೆಯ ಮಾತು ಆಡಿರಲಿಲ್ಲ.

"ನಿನ್ನ ಹತ್ತು ಸಾಲು ಬೇಕು ಬುರ್ಹಾನ," ಎಂದು ಆಕೆ ಕಲ್ಲಿನ ಸಂಗತಿ ಹೇಳಿದಳು.

ಅವನು ಪೂರ್ತಿ ಕೇಳಿದ. "ನೆನಪದಾವು. ಕೊಡಂಗಿಲ್ಲ."

"ಯಾಕ?"

"ಆ ಸಾಲ್ಯಾಗ ನನಗ ಏನ್ ಹೆಸರಿಟ್ಟಿದ್ರು? ಕ್ಯಾಸೆಟ್ ಕಳ್ಳ. ಅಬ್ಬಾ ರೇಡಿಯೋ ವಾಯರ್ ತಗೊಂಡು ಹೊಡದ್ರು. ಅದು ಹೋಗ್ಲಿ. ಅಮ್ಮಿ ಸಾಯೂಮಟ ಕೇಳಿದಳು, ಸಚ್ ಬೋಲ್ ಬೇಟಾ, ನೀನೇ ಅಳಿಸಿದ್ಯಾ ಅಂತ. ಅಕಿನೂ ನಂಬಲಿಲ್ಲ. ಆದ್ರೂ ನಾ ದಿನಾ ಬಂದು ಹತ್ತು ಸಾಲು ಬರದು ಹೋದೆ. ಯಾಕಂದ್ರ ಬರಲಿಲ್ಲಂದ್ರ ಖರೇನೇ ಕಳ್ಳ ಅಂತಿದ್ರು."

ಹೊರಗೆ ಹಮಾಲರು ಚೀಲ ಎಣಿಸಿ ಕೂಗುತ್ತಿದ್ದರು. ಗಂಜಿನಲ್ಲಿ ಯಾವತ್ತೂ ದನಿ ತಗ್ಗಿಸದ ಸುನಂದಾ ಅವತ್ತು ತಗ್ಗಿಸಿದಳು.

"ಅಳಿಸಿದ್ದು ನಾನು."

ಅವನು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದ. "ಮತ್ತೊಮ್ಮಿ ಹೇಳು."

"ನಾನು. ಕ್ವಾಣಿ ಕಸ ಹೊಡೆಯೋ ಪಾಳಿ ನಂದಿತ್ತು, ಕೀಲಿ ನನ್ನ ಕಡಿ ಇತ್ತು. ಶನಿವಾರ ಟೇಪ್ ಪಾಟಿಚೀಲದಾಗ ಹಾಕ್ಕೊಂಡು ಮನೀಗಿ ಒಯ್ದೆ. ನಮ್ಮ ಮುದುಕಿ ಆಯಿ ಬೀಸೂ ಮುಂದ ಹಾಡತಿದ್ದಳು, ಅಕಿ ದನಿ ತುಂಬಿಸಬೇಕಂತ. ಕ್ಯಾಸೆಟ್ ಹಚ್ಚಿ ನೋಡಿದೆ. ಬರೇ ಕಿರ್ ಕಿರ್ ಅಂತಿತ್ತು. ಕೆಟ್ಟದ್ದು ಅಂತ ತಿಳದೆ. ಆಟ ಟಿವಿ ಒಳಗ ಇರ್ತದ ಅಂದ್ಕೊಂಡಿದ್ದೆ, ಬುರ್ಹಾನ. ಆ ಕಿರ್ ಕಿರ್ ಅನ್ನೂದೇ ಆಟ ಅಂತ ನನಗೇನು ಗೊತ್ತು?"

ಅವನು ಬಿಚ್ಚಿದ್ದ ಕಾಟಾದ ಒಂದು ಮೊಳೆಯನ್ನು ತಿರುಪಿ, ಮತ್ತೆ ಬಿಚ್ಚಿದ.

"ಅಳಿಸಿದ್ದಕ್ಕ ನನಗ ಸಿಟ್ಟಿಲ್ಲ," ಎಂದ ಕೊನೆಗೆ. "ಹದಿಮೂರು ವರ್ಷದ ಹುಡುಗಿ ಏನ್ ತಿಳದೀತು? ಆದ್ರ ಮೂವತ್ಮೂರು ವರ್ಷ ಊರ ಮಂದೀಗೆಲ್ಲ ಬೈಕೋತ ಅಡ್ಡಾಡ್ತಿ. ಖರೇ ಮಾತಾಡ್ರಿ, ಖರೇ ಮಾತಾಡ್ರಿ ಅಂತಿ. ಹೊಟ್ಯಾಗ ಇದನ್ನ ಇಟ್ಕೊಂಡು?"

"ಅದಕ್ಕೇ ಬೈತಿದ್ದೆ ಏನೋ."

"ಸಾಲು ಕೊಡ್ತೀನಿ. ಇಲ್ಲಿ ಅಲ್ಲ. ನಾಳಿ ಮಾಸ್ತರ ಮುಂದ, ಎಲ್ಲಾರ ಮುಂದ ಇದೇ ಮಾತು ಹೇಳು. ಆಮ್ಯಾಲ ಕೀಬೋರ್ಡಿಗಿ ಕೈ ಹಚ್ತೀನಿ. ಹೇಳಲಿಲ್ಲ, ನಾ ಹಂಗೇ ಎದ್ದು ಬರ್ತೀನಿ. ಕಲ್ಲಿನ ಮ್ಯಾಲ ಸುಳ್ಳೇ ಇರ್ಲಿ, ನನ್ನ ಮ್ಯಾಲೂ ಇತ್ತಲ್ಲ."

ಆಕೆ ಸೆರಗು ಸಿಕ್ಕಿಸಿಕೊಂಡು ಅಂಗಡಿಯಿಂದ ಹೊರಬಿದ್ದಳು.

ಗುರುವಾರ ಮಧ್ಯಾಹ್ನ ಕಮಲಾಪುರದ ಶಾಲೆಗೆ ಏಳು ಮಂದಿ ಬಂದರು. ಅಂಬಮ್ಮ, ಕುಲ್ಸುಮ್ ಇಬ್ಬರೂ ಫೋನಿನಲ್ಲಿದ್ದರು. ಯಶವಂತ ಮಾಸ್ತರರನ್ನು ಬ್ರಹ್ಮಪುರದಿಂದ ಬುರ್ಹಾನುದ್ದೀನನೇ ತನ್ನ ಗಾಡಿಯಲ್ಲಿ ಕರೆತಂದ. ಎಪ್ಪತ್ತೊಂಬತ್ತು ವರ್ಷ, ಕೈಯಲ್ಲಿ ಬೆತ್ತದ ಕೋಲು, ಕಿವಿ ಮಂದ, ಕಣ್ಣು ಚುರುಕು. ಪಡಸಾಲೆಯಲ್ಲಿದ್ದ ಕಲ್ಲನ್ನು ಓದಿದರು. ಸುಣ್ಣದಕಡ್ಡಿಯ ಅಕ್ಷರ ದುಂಡಗಿದೆ ಎಂದರು, ಅಷ್ಟೇ.

ಆಸ್ಮಾ ಹೊಸ ಕಂಪ್ಯೂಟರಿನಲ್ಲಿ ಹಳೆಯ ಮಷಿನ್ನಿನ ಕಪ್ಪು ಪರದೆ ತೆರೆದಿಟ್ಟಿದ್ದಳು. ಅದನ್ನು ನೋಡಿದ್ದೇ ತಡ, ನಲವತ್ತಾರರ ಹೆಂಗಸರು ಗಂಡಸರು ಯಾರೂ ಹೇಳದೆ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಖಂಡೆಪ್ಪ, ಕುನಾಲ, ಎಂಟನೇ ತರಗತಿಯ ಮಕ್ಕಳು ಕಿಟಕಿ ಬಾಗಿಲು ತುಂಬಿದರು.

ಮೊದಲ ನಾಲ್ಕು ಪಾಳಿ ಮುಗಿದವು. ಬೆರಳು ದಪ್ಪವಾಗಿದ್ದವು, ಕೀಲಿ ಹುಡುಕುವುದಕ್ಕೆ ಹೊತ್ತು ಹಿಡಿಯಿತು, ಆದರೆ ಬಾಯಿ ನಿಲ್ಲಲಿಲ್ಲ. ಮಾಸ್ತರರು ಪ್ರತಿ ಸಾಲಿನ ಕೊನೆಗೆ ಕೋಲನ್ನು ನೆಲಕ್ಕೊಮ್ಮೆ ತಾಗಿಸುತ್ತಿದ್ದರು.

ಐದನೆಯ ಪಾಳಿ. ಬುರ್ಹಾನುದ್ದೀನ್ ಖುರ್ಚಿಯ ಹಿಂದೆ ಕೈಕಟ್ಟಿ ನಿಂತ. ಕೂರಲಿಲ್ಲ. ಸುನಂದಾಳನ್ನೇ ನೋಡಿದ.

"ಕೂಡಪಾ, ನಿಂದೇ ಪಾಳಿ," ಎಂದ ಖಂಡೆಪ್ಪ.

ಸುನಂದಾ ಸಾಲಿನಿಂದ ಹೊರಗೆ ಬಂದಳು. ಕುನಾಲನೆದುರು, ಮಕ್ಕಳೆದುರು, ಅಕ್ಕಾ ಎಂದು ಹೆದರುವ ಖಂಡೆಪ್ಪನೆದುರು ನಿಂತಳು. ಮಾತು ಸುತ್ತಿ ಬಳಸಿ ಆಡುವುದು ಆಕೆಗೆ ಬಾರದು.

"ಮಾಸ್ತರೇ, ಆವತ್ತು ಕ್ಯಾಸೆಟ್ ಅಳಿಸಿದ್ದು ನಾನು. ಬುರ್ಹಾನ ಅಲ್ಲ. ಅದರಾಗ ಹಾಡಿದಾಕಿ ನಮ್ಮ ಆಯಿ. ಇಂವ ಬೈಸ್ಕೊಂಡ, ಹೊಡಿಸ್ಕೊಂಡ, ನಾ ಸುಮ್ಮನ ನಿಂತು ನೋಡೀನಿ. ತಪ್ಪು ನಂದು."

ಫೋನಿನಲ್ಲಿ ಅಂಬಮ್ಮ, "ಏನಂದ್ಳು? ಏನಂದ್ಳು?" ಎಂದು ಕೇಳುವುದು ಮಾತ್ರ ಕೇಳಿಸಿತು.

ಮಾಸ್ತರರು ಕೋಲೂರಿ ಎದ್ದರು. ಮೊದಲು ತಿರುಗಿದ್ದು ಬುರ್ಹಾನುದ್ದೀನನ ಕಡೆಗೆ. "ಊರ ಮಂದಿ ಅಂದದ್ದು ನಾನೂ ಖರೇ ಅಂತ ತಿಳದಿದ್ದೆ. ಗಣಿತದ ಮಾಸ್ತರ ನಾನು, ಪುರಾವಾ ಕೇಳಬೇಕಿತ್ತು. ಕೇಳಲಿಲ್ಲ. ನನ್ನದೂ ತಪ್ಪದ, ಮಗನಾ."

ಬುರ್ಹಾನುದ್ದೀನ್ ಬಗ್ಗಿ ಅವರ ಕಾಲು ಮುಟ್ಟಿದ. ಏಳುವಾಗ ಅವನ ಕನ್ನಡಕ ಮಸುಕಾಗಿತ್ತು.

ಮಾಸ್ತರರು ಸುನಂದಾಳತ್ತ ಕೋಲು ಚಾಚಿದರು. "ನಿನಗ ಶಿಕ್ಷಾ. ಇವತ್ತ ಆಟದಾಗ ನಿನ್ನ ಪಾಳಿ ಎಲ್ಲಾರಕಿಂತ ಕಡೀಗಿ."

"ಹೂಂ ಮಾಸ್ತರೇ," ಎಂದಳು ಸುನಂದಾ. ಕಲ್ಲು ಇಳಿಸಿದ ಎತ್ತಿನ ಹಾಗೆ ಉಸಿರು ಬಿಟ್ಟಳು.

ಕುನಾಲನಿಗೆ ತಡೆಯಲಾಗಲಿಲ್ಲ. "ಸರ್, ಟೇಪ್ ಇದ್ದಿದ್ರ ಇಷ್ಟೆಲ್ಲ ತ್ರಾಸೇ ಇರ್ತಿರಲಿಲ್ಲ ಅಲ್ರೀ?"

"ಟೇಪ್ ಇದ್ದಿದ್ರ ಇವರು ಬರೇ ಆಟ ಆಡ್ತಿದ್ರಪಾ," ಎಂದರು ಮಾಸ್ತರರು. "ಈಗ ನೋಡು, ಆಟ ಮಾಡ್ಲಾಕತ್ತಾರ."

ಬುರ್ಹಾನುದ್ದೀನ್ ಕೂತ. ಕಾಟಾದ ಸೂಕ್ಷ್ಮ ಕೆಲಸ ಮಾಡುವ ಬೆರಳು, ಎಲ್ಲರಿಗಿಂತ ಬೇಗ ಓಡಿದವು. "ನಾಲ್ಕುನೂರ ಐವತ್ತು, ಇಫ್ ಎನ್ ಮಾಡ್ ಟಿ ಈಕ್ವಲ್ ಝೀರೋ ದೆನ್ ಗೋಟು ಆರುನೂರ ಹತ್ತು," ಎಂದು ನಮಾಜಿನಷ್ಟು ಶ್ರದ್ಧೆಯಿಂದ ಹೇಳಿಕೊಳ್ಳುತ್ತ ಬರೆದ. ಆಮೇಲೆ ಕುಲ್ಸುಮ್, ಅಂಬಮ್ಮ ಫೋನಿನಲ್ಲಿ ಹೇಳಿದ್ದನ್ನು ಆಸ್ಮಾ ಬರೆದಳು. ಇನ್ನೊಬ್ಬರು ಬಂದು ಹೋದರು. ಕೊನೆಯ ಹತ್ತು ಸಾಲು ಸುನಂದಾಳವು, ಹಲ್ಲು ಮುರಿಯುವ ಸಾಲುಗಳು.

ಆಸ್ಮಾ 'ರನ್' ಎಂದು ಬರೆದು ಕೀಲಿ ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಬಂತು: ತಪ್ಪು, ಎಂಟುನೂರ ಮೂವತ್ತನೇ ಸಾಲಿನಲ್ಲಿ.

"ಎಂಟುನೂರ ಮೂವತ್ತು ಯಾರದು?" ಎಂದು ಬುರ್ಹಾನುದ್ದೀನ್ ಗೊತ್ತಿದ್ದೂ ಕೇಳಿದ.

"ನಂದು," ಎಂದಳು ಸುನಂದಾ, ಇಡೀ ಶಾಲೆಗೆ ಕೇಳುವ ಹಾಗೆ. "ಒಂದು ಅಲ್ಪವಿರಾಮ ನುಂಗೀನಿ. ಸರೀರಿ."

ಎಲ್ಲರೂ ನಕ್ಕರು. ಆಕೆ ತಿದ್ದಿದಳು. ಮತ್ತೆ ಕೀಲಿ ಒತ್ತಿದಾಗ ಪರದೆಯ ಮೇಲ್ಗಡೆ ಏಳು ಬಂದು ನಿಂತಿತು. ಅದರ ಕೆಳಗೆ ಇಪ್ಪತ್ತೆಂಟು ಮೆಲ್ಲಗೆ ಬೀಳತೊಡಗಿತು, ಮೂವತ್ಮೂರು ವರ್ಷದ ಹಿಂದೆ ಎಲ್ಲಿಂದ ಬೀಳುತ್ತಿತ್ತೋ ಅಲ್ಲಿಂದಲೇ. ಅದು ಚೀಲಕ್ಕೆ ಬಿತ್ತು. ಮೂವತ್ತೊಂದು ಬಂತು. "ಕಲ್ಲು," ಎಂದರು ಏಳೂ ಮಂದಿ ಒಟ್ಟಿಗೆ, ಫೋನಿನಲ್ಲಿದ್ದವರಿಗೆ ಹೇಳಲು.

ಮಾಸ್ತರರು ಕೋಲನ್ನು ನೆಲಕ್ಕೆ ತಾಗಿಸುವುದನ್ನೇ ಮರೆತಿದ್ದರು.

ಆಮೇಲೆ ಮಕ್ಕಳನ್ನು ಹಿಡಿಯುವವರಿಲ್ಲ. ಅಲ್ಫಿಯಾ ಎಂಬ ಹುಡುಗಿ ಹದಿಮೂರರ ಮಗ್ಗಿಗೆ ಕೂತು ಎರಡು ಸಲ ಹಲ್ಲು ಮುರಿಸಿಕೊಂಡಳು. ಮೂರನೆಯ ಸಲ ಕೂರುವ ಮೊದಲು ಮೂಲೆಗೆ ಹೋಗಿ ಹದಿಮೂರರ ಮಗ್ಗಿ ಬಾಯಿಪಾಠ ಮಾಡಿ ಬಂದಳು. ಕುನಾಲ ಅದನ್ನು ನೋಡುತ್ತ ನಿಂತಿದ್ದವನು, ತಾನೂ ಒಮ್ಮೆ ಕೂರಬಹುದೇ ಎಂದು ಮಾಸ್ತರರನ್ನು ಕೇಳಿದ. ಹದಿನೇಳರಲ್ಲಿ ಅವನ ಹಲ್ಲು ಮುರಿಯಿತು.

ಖಂಡೆಪ್ಪ ಹಸಿ ಅರಿವೆ ತಂದು ಪಡಸಾಲೆಯ ಕಲ್ಲಿನ ಮೇಲಿನ 'ಮೊದಲ' ಎಂಬುದನ್ನು ತಾನೇ ಒರೆಸಿದ. "ಅಕ್ಕಾ, ಜಾಗಾ ಖಾಲಿ ಕಾಣ್ತದ. ಮಾಸ್ತರ ಹೆಸರು ಬರಸಲೇನು?"

"ನನ್ನ ಹೆಸರು ಬ್ಯಾಡ," ಎಂದರು ಮಾಸ್ತರರು. "ಒಂಬತ್ತು ಮಂದೀದು ಬರದ್ರ ಕಲ್ಲು ಸಾಲಂಗಿಲ್ಲ, ಒಬ್ಬಂದು ಬರದ್ರ ಲೆಕ್ಕ ತಪ್ಪತದ."

ಸುನಂದಾ ಸುಣ್ಣದಕಡ್ಡಿ ಕಿತ್ತುಕೊಂಡು ಆ ಖಾಲಿ ಜಾಗದಲ್ಲಿ ತಾನೇ ಬರೆದಳು: 'ಎರಡನೆಯ'.

ಕುನಾಲ ಗಾಬರಿಯಾದ. "ಮೇಡಮ್, ಎರಡನೆಯ ಅಂದ್ರ ನಮ್ಮ ಸರ್ ಏನಂತಾರೋ..."

"ನಿಮ್ಮ ಸರ್ ನಂಬರ್ ಕೊಡು. ನಾ ಮಾತಾಡ್ತೀನಿ."

"ಬ್ಯಾಡ್ರಿ, ಬ್ಯಾಡ್ರಿ. ನಾನೇ ಹೇಳ್ತೀನಿ."

ಸುನಂದಾಳ ಪಾಳಿ ಬಂದಾಗ ಹೊತ್ತು ಇಳಿದಿತ್ತು. ಹಿಂದೆ ನಿಂತ ಬುರ್ಹಾನುದ್ದೀನ್, "ನೋಡ್ಕೋ, ಅಳಸಬ್ಯಾಡ ಮತ್ತ," ಎಂದ. ಆಕೆ ತಿರುಗಿ ನೋಡದೆ, "ಬಾಯಿ ಮುಚ್ಚು," ಎಂದು ಹತ್ತೊಂಬತ್ತರ ಮಗ್ಗಿ ಆರಿಸಿದಳು. ಒಂದು ಕಲ್ಲೂ ಚೀಲಕ್ಕೆ ಬೀಳಲಿಲ್ಲ.

ಶುಕ್ರವಾರ ಉಳಿ ಬಿತ್ತು. ಈಗ ಆ ಕಲ್ಲು ಕೋಣೆಯ ಬಾಗಿಲ ಪಕ್ಕದಲ್ಲಿದೆ: 'ಕಮಲಾಪುರದ ಎರಡನೆಯ ಕಂಪ್ಯೂಟರ್ ಕೋಣೆ'. ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಹಾಗಾದರೆ ಮೊದಲನೆಯದು ಎಲ್ಲಿದೆ ಎಂದು. ಶನಿವಾರ ಕಾರ್ಯಕ್ರಮಕ್ಕೆ ಬಂದ ದೊಡ್ಡ ಅಧಿಕಾರಿಯೂ ಅದನ್ನೇ ಕೇಳಿದರು.

"ಚೂರು ಚೂರು ಅದರೀ ಸಾಹೇಬ್ರ," ಎಂದಳು ಸುನಂದಾ, ಸೆರಗು ಸರಿಮಾಡಿಕೊಂಡು. "ಹತ್ತು ಸಾಲು ಬೀದರಿನ್ಯಾಗ ಅದಾವ, ಹತ್ತು ಹೈದರಾಬಾದಿನ್ಯಾಗ. ನಡುವಿನ ಹತ್ತು ಗಂಜಿನ್ಯಾಗ ಕಾಟಾ ರಿಪೇರಿ ಮಾಡ್ತಾವ, ಅವು ಇಲ್ಲಂದ್ರ ಏನೂ ನಡಿಯಂಗಿಲ್ಲ. ಕಡೀ ಹತ್ತು ನಿಮ್ಮ ಮುಂದ ನಿಂತಾವ. ಕೇಳ್ತೀರೇನು?"

ಅಧಿಕಾರಿ ಕೇಳುತ್ತೇನೆ ಎಂದರು. ಸುನಂದಾ ಕೈಕಟ್ಟಿ ನೆಟ್ಟಗೆ ನಿಂತು ಎಂಟುನೂರ ಹತ್ತರಿಂದ ಶುರುಮಾಡಿದಳು. ಅಲ್ಪವಿರಾಮವನ್ನೂ ಬಿಡಲಿಲ್ಲ.